ಸೋತ ಕೈ ಮತ್ತು ಸೋಮಾರಿತನದ ಆರೋಪ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಮನೆಗಳಲ್ಲಿ ಒಂದು ದೂರು ಸಾಮಾನ್ಯ. ಕೈಗೆ ಬಲ ಬಂದಿದೆ. ಫಿಜಿಯೋಥೆರಪಿಸ್ಟ್ ಎದುರು ಕುಳಿತು 'ಎತ್ತಿ' ಎಂದರೆ ಎತ್ತುತ್ತಾರೆ, 'ಲೋಟ ಹಿಡಿಯಿರಿ' ಎಂದರೆ ಹಿಡಿಯುತ್ತಾರೆ. ಮನೆಗೆ ಬಂದರೆ ಮಾತ್ರ ಆ ಕೈ ತೊಡೆಯ ಮೇಲಿಂದ ಏಳುವುದಿಲ್ಲ. ನೀರಿನ ಲೋಟ ಸೋತ ಕೈಯ ಪಕ್ಕದಲ್ಲೇ ಇದ್ದರೂ ಇನ್ನೊಂದು ಕೈ ಮೈ ದಾಟಿ ಬಂದು ಅದನ್ನು ಎತ್ತಿಕೊಳ್ಳುತ್ತದೆ. ಇದಕ್ಕೆ ಮನೆಯವರು, ಎಷ್ಟೋ ಸಲ ಚಿಕಿತ್ಸೆ ಕೊಡುವವರೂ, ಹೇಳುವ ಕಾರಣ ಒಂದೇ: ಮನಸ್ಸು ಮಾಡುತ್ತಿಲ್ಲ. ಸೋಮಾರಿತನ, ಹಟ, ಇಲ್ಲವೇ ಚೆನ್ನಾಗಿರುವ ಕೈಗೆ ಬಿದ್ದ ರೂಢಿ. ಪರಿಹಾರವೂ ಅಷ್ಟೇ ನೇರ. ಗದರಿಸಿ, ಹುರಿದುಂಬಿಸಿ, ಬೇಕಾದರೆ ಚೆನ್ನಾಗಿರುವ ಕೈಯನ್ನು ಕಟ್ಟಿಹಾಕಿ. ಬಳಸುತ್ತ ಹೋದರೆ ಬಂದೇ ಬರುತ್ತದೆ.

ಈ ನಿಲುವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಗಾಯಗೊಂಡ ಮಿದುಳು ತನ್ನ ಉಳಿದ ಭಾಗಗಳನ್ನು ಹೊಸ ಕೆಲಸಕ್ಕೆ ಒಗ್ಗಿಸಿಕೊಳ್ಳಬಲ್ಲದು, ಅದಕ್ಕೆ ಬಳಕೆ ಬೇಕೇ ಬೇಕು ಎಂಬುದನ್ನು ಮೂರ್ನಾಲ್ಕು ದಶಕಗಳ ಸಂಶೋಧನೆ ಎತ್ತಿಹಿಡಿದಿದೆ. ಮಾಡಬಲ್ಲದ್ದಕ್ಕೂ ಮಾಡುವುದಕ್ಕೂ ನಡುವೆ ಅಂತರವಿದೆ ಎಂಬ ಮನೆಯವರ ಗಮನಿಕೆಯೂ ನಿಜವೇ. ಚೆನ್ನಾಗಿರುವ ಕೈಗೆ ಗವಸು ತೊಡಿಸಿ ಸೋತ ಕೈಯಿಂದ ಕೆಲಸ ಮಾಡಿಸುವ ಚಿಕಿತ್ಸೆ ದೊಡ್ಡ ಪರೀಕ್ಷೆಯೊಂದರಲ್ಲಿ ಗೆದ್ದೂ ಇದೆ. ಇಷ್ಟಿದ್ದ ಮೇಲೆ 'ಮನಸ್ಸು ಮಾಡಬೇಕು' ಎಂದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಈ ಸಂಗತಿಗಳಲ್ಲಿ ಯಾವುದೂ ಸುಳ್ಳಲ್ಲ. ಅವುಗಳಿಂದ ಸೋಮಾರಿತನದ ಆರೋಪಕ್ಕೆ ಹೋಗುವ ದಾರಿಯಲ್ಲಿ ಯಾರೂ ಪರಿಶೀಲಿಸದ ಒಂದು ಊಹೆ ಕುಳಿತಿದೆ. ಒಂದು ವಸ್ತುವಿಗೆ ಕೈಚಾಚುವಾಗ ಯಾವ ಕೈ ಚಾಚಬೇಕೆಂಬುದನ್ನು ಮನುಷ್ಯ ಮನಸ್ಸು ಮಾಡಿ ತೀರ್ಮಾನಿಸುತ್ತಾನೆ ಎಂಬುದೇ ಆ ಊಹೆ.

ಮೊದಲು ಅಂತರದ ವಿಷಯ. ಸೋತ ಕೈಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಫ್ಯೂಗಲ್-ಮೈಯರ್ ಪರೀಕ್ಷೆ 1975ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡಿತು. ಅದರಲ್ಲಿ ಕೈಗೆ ಒಟ್ಟು 66 ಅಂಕ. ಮರದ ತುಂಡು, ಚೆಂಡು, ಗೋಲಿಗಳನ್ನು ಎತ್ತಿಡಿಸುವ ಇನ್ನೊಂದು ಪರೀಕ್ಷೆಗೆ 57 ಅಂಕ. ಎರಡೂ ಕೇಳುವುದು ಒಂದೇ ಪ್ರಶ್ನೆ: ಹೇಳಿದಾಗ ಮಾಡಲು ಆಗುತ್ತದೆಯೇ? ಯಾರೂ ಹೇಳದಿದ್ದಾಗ ಏನಾಗುತ್ತದೆ ಎಂಬುದು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ತಿಳಿಯಲು ಎರಡೂ ಮಣಿಕಟ್ಟುಗಳಿಗೆ ಗಡಿಯಾರದಂಥ ಚಲನಮಾಪಕ ಕಟ್ಟಿ ದಿನವಿಡೀ ಬಿಡಬೇಕಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕ್ಯಾಥರೀನ್ ಲ್ಯಾಂಗ್ ಅವರ ತಂಡ ಮಾಡಿದ್ದು ಇದನ್ನೇ. ಆರೋಗ್ಯವಂತ ವಯಸ್ಕರ ಎರಡೂ ಕೈಗಳು ದಿನಕ್ಕೆ ಸುಮಾರು 9 ಗಂಟೆ ಕಾಲ ಚಲನೆಯಲ್ಲಿರುತ್ತವೆ, ರೂಢಿಯಲ್ಲದ ಕೈಯ ಚಲನೆ ರೂಢಿಯ ಕೈಯದಕ್ಕೆ ಹೋಲಿಸಿದರೆ ಸುಮಾರು 0.95 ಪಾಲು ಎಂದು ಅವರ ಅಳತೆ ತೋರಿಸಿತು. ಪಾರ್ಶ್ವವಾಯುವಿನ ನಂತರ ಈ ಸಮತೋಲ ಕುಸಿಯುತ್ತದೆ. 2017ರಲ್ಲಿ ಇದೇ ತಂಡ ಪ್ರಕಟಿಸಿದ ಇನ್ನೊಂದು ಫಲಿತಾಂಶ ಹೆಚ್ಚು ಕಸಿವಿಸಿ ಉಂಟುಮಾಡುವಂಥದ್ದು: ವಾರಗಟ್ಟಲೆ ಕೆಲಸ-ಆಧಾರಿತ ತರಬೇತಿ ಕೊಟ್ಟಾಗ ಚಿಕಿತ್ಸಾಲಯದ ಅಂಕಗಳು ಏರಿದವು, ಮನೆಯಲ್ಲಿ ಕೈ ಬಳಸುವ ಪ್ರಮಾಣ ಏರಲಿಲ್ಲ. ಅಲಬಾಮಾದ ಸಂಶೋಧಕರು ಗುಟ್ಟಾಗಿ ಚಿತ್ರೀಕರಿಸುವ ಒಂದು ಪರೀಕ್ಷೆಯನ್ನೇ ರೂಪಿಸಿದ್ದರು. ಬಂದ ವ್ಯಕ್ತಿ ತನ್ನ ಪಾಡಿಗೆ ತಾನು ಕಾಗದ ಮಡಚುತ್ತ, ಕುರ್ಚಿ ಎಳೆದುಕೊಳ್ಳುತ್ತ ಇರುವಾಗ ಒಮ್ಮೆ. ಬಳಿಕ 'ಸೋತ ಕೈಯನ್ನೂ ಬಳಸಿ' ಎಂದು ಹೇಳಿ ಇನ್ನೊಮ್ಮೆ. ಎರಡರ ನಡುವಿನ ವ್ಯತ್ಯಾಸವೇ ಮನೆಯವರನ್ನು ರೇಗಿಸುವ ಅಂತರ.

ಅಂತರ ಇದೆಯೆಂದು ಒಪ್ಪಿದ ಮಾತ್ರಕ್ಕೆ ಅದರ ಕಾರಣ ತಿಳಿದಂತಾಗಲಿಲ್ಲ. ಕಾರಣ ಬೇಕಾದರೆ ಪಾರ್ಶ್ವವಾಯು ಆಗದವರನ್ನು ನೋಡಬೇಕು. ಮೇಜಿನ ಮೇಲಿನ ಪೆನ್ನಿಗೆ ಕೈಚಾಚುವಾಗ ಯಾವ ಕೈ ಎಂದು ಯಾರೂ ಚರ್ಚೆ ಮಾಡಿಕೊಳ್ಳುವುದಿಲ್ಲ. ಬಲಗೈ ರೂಢಿಯವರು ಬಲಗಡೆ ಇರುವುದಕ್ಕೆ ಬಲಗೈ, ಎಡಗಡೆ ದೂರದಲ್ಲಿರುವುದಕ್ಕೆ ಎಡಗೈ, ನಡುವೆ ಇರುವುದಕ್ಕೆ ಬಹುಪಾಲು ಬಲಗೈ ಚಾಚುತ್ತಾರೆ. ಇದು ಬರೀ ರೂಢಿಯೆಂದು ಅನ್ನಿಸುತ್ತದೆ. ಆದರೆ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಿಕೊಲಾ ಶ್ವೈಗ್‌ಹೋಫರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳಿತು. ಬಲಗೈ ರೂಢಿಯವರಿಂದ ಮೊದಲು ಒಂದೊಂದೇ ಕೈಯಲ್ಲಿ ಎಲ್ಲ ಗುರಿಗಳನ್ನೂ ಮುಟ್ಟಿಸಿ, ಪ್ರತಿ ಚಲನೆಗೆ ಬೇಕಾದ ಶ್ರಮವನ್ನೂ ಗುರಿ ತಲುಪಿದ ಪ್ರಮಾಣವನ್ನೂ ಲೆಕ್ಕಹಾಕಿ, ಅನಂತರ ಯಾವ ಕೈಯಾದರೂ ಸರಿ ಎಂದು ಬಿಟ್ಟರು. ಯಾವ ಕೈಗೆ ಎಷ್ಟು ಶ್ರಮ, ಯಾವ ಕೈಗೆ ಎಷ್ಟು ಯಶಸ್ಸು ಎಂಬ ಎರಡು ಸಂಖ್ಯೆಗಳು ಆಯ್ಕೆಯನ್ನು ಮುಂಚಿತವಾಗಿ ಹೇಳಬಲ್ಲವಾಗಿದ್ದವು. ಹಿಂದಿನ ಸಲ ಯಾವ ಕೈ ಬಳಸಿದ್ದರು ಎಂಬುದೂ ಪ್ರಭಾವ ಬೀರಿತ್ತು.

ಬರ್ಕ್ಲಿಯ ರಿಚರ್ಡ್ ಐವ್ರಿ ಅವರ ಪ್ರಯೋಗಾಲಯದಿಂದ ಬಂದ ಎರಡು ಅಧ್ಯಯನಗಳು ಇದಕ್ಕೆ ಜೋಡಿಯಾಗುತ್ತವೆ. 2010ರ ಅಧ್ಯಯನದಲ್ಲಿ, ಎರಡೂ ಕೈಗಳಿಗೆ ಸಮಾನ ಅವಕಾಶವಿರುವ ನಡುಜಾಗದ ಗುರಿಗಳಿಗೆ ಕೈಚಾಚಲು ಜನ ಕೊಂಚ ಹೆಚ್ಚು ಹೊತ್ತು ತೆಗೆದುಕೊಂಡರು. ಒಳಗೆ ಎರಡು ಯೋಜನೆಗಳ ನಡುವೆ ಪೈಪೋಟಿ ನಡೆದಿತ್ತೆಂಬುದರ ಗುರುತು ಇದು. ಆ ಕ್ಷಣದಲ್ಲಿ ಎಡ ಮಿದುಳಿನ ಪರೈಟಲ್ ಭಾಗದ ಹಿಂಬದಿಗೆ ನೆತ್ತಿಯ ಮೇಲಿಂದ ಒಂದೇ ಒಂದು ಕಾಂತೀಯ ಮಿಡಿತ ಕೊಟ್ಟರೆ ಎಡಗೈಯ ಆಯ್ಕೆ ಹೆಚ್ಚಾಯಿತು. 2011ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ರೂಢಿಯಲ್ಲದ ಕೈಗೆ ಯಶಸ್ಸು ಹೆಚ್ಚು ಸಿಗುವಂತೆ ಗುಟ್ಟಾಗಿ ಏರ್ಪಾಡು ಮಾಡಿದಾಗ ಜನ ಆ ಕೈಯತ್ತ ವಾಲಿದರು. ಇಲ್ಲಿ ಯಾರೂ ಯಾರನ್ನೂ ಹುರಿದುಂಬಿಸಿರಲಿಲ್ಲ. ಇಚ್ಛಾಶಕ್ತಿ ಮಾತಾಡುವ ಮೊದಲೇ, ಸೆಕೆಂಡಿನ ಒಂದು ಚೂರಿನಲ್ಲಿ, ಈ ವ್ಯವಹಾರ ಮುಗಿದುಹೋಗಿರುತ್ತದೆ.

ಹೀಗಿರುವಾಗ ಪಾರ್ಶ್ವವಾಯು ಬಡಿದ ಮಿದುಳು ಇದೇ ಲೆಕ್ಕ ಹಾಕಿದರೆ ಏನಾಗುತ್ತದೆ?

1. ಶ್ರಮ ಏರುತ್ತದೆ. ಸ್ನಾಯುಗಳ ಬಲ ಕುಗ್ಗಿರುವುದರಿಂದ ಮಾತ್ರವಲ್ಲ. ತೋಳನ್ನು ಎತ್ತಿ ಹಿಡಿಯಲು ಭುಜ ಕೆಲಸ ಮಾಡಿದಷ್ಟೂ ಮೊಣಕೈ ತಾನಾಗಿಯೇ ಮಡಚಿಕೊಳ್ಳುವುದು ಈ ಕಾಯಿಲೆಯ ಒಂದು ವಿಚಿತ್ರ. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜೂಲ್ಸ್ ಡೆವಾಲ್ಡ್ ಅವರ ತಂಡ ತೋಳಿನ ಭಾರವನ್ನು ಯಂತ್ರಕ್ಕೆ ಹೊರಿಸಿ, ಆ ಆಸರೆಯನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತ ಇದನ್ನು ಅಳೆಯಿತು. ಮೇಜಿನ ಮೇಲೆ ಒರಗಿದ್ದಾಗ ದೂರ ಹೋಗುವ ಕೈ, ತನ್ನ ಭಾರ ತಾನೇ ಹೊತ್ತಾಗ ಹತ್ತಿರದಲ್ಲೇ ನಿಂತುಬಿಡುತ್ತದೆ.

2. ಯಶಸ್ಸು ಇಳಿಯುತ್ತದೆ. ಲೋಟ ತಲುಪಿದರೂ ಬೆರಳು ತೆರೆಯಬೇಕು, ಹಿಡಿಯಬೇಕು, ಚೆಲ್ಲದೆ ತರಬೇಕು. ಸ್ಪರ್ಶಜ್ಞಾನವೂ ಕುಂದಿದ್ದರೆ ಹಿಡಿದದ್ದು ಜಾರಿದೆಯೆಂದು ಗೊತ್ತಾಗುವುದು ಅದು ನೆಲಕ್ಕೆ ಬಿದ್ದ ಸದ್ದಿನಿಂದ.

3. ಪಕ್ಕದಲ್ಲೇ ಅಗ್ಗದ ದಾರಿಯೊಂದಿದೆ. ಎರಡೂ ಕೈ ಸೋತವನು ಇರುವುದರಲ್ಲೇ ಹೋರಾಡುತ್ತಾನೆ. ಒಂದು ಕೈ ಉಳಿದವನಿಗೆ ಹೋರಾಟಕ್ಕೆ ಕಾರಣವೇ ಇಲ್ಲ.

ಬಿಸಿ ಕಾಫಿಯ ಲೋಟಕ್ಕೆ ಚೆನ್ನಾಗಿರುವ ಕೈ ಚಾಚುವುದು ಇಷ್ಟೆಲ್ಲ ಗೊತ್ತಿರುವ ಮಿದುಳು ಕೊಡಬೇಕಾದ ಸರಿಯಾದ ತೀರ್ಪು. ಸೋಮಾರಿ ಎನ್ನಿಸಿಕೊಂಡ ವ್ಯಕ್ತಿ ಆರೋಗ್ಯವಂತರೆಲ್ಲ ಪಾಲಿಸುವ ನಿಯಮವನ್ನೇ ಪಾಲಿಸುತ್ತಿದ್ದಾನೆ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪ ಏಳುತ್ತದೆ. ಲೆಕ್ಕ ಅಷ್ಟು ಸರಿಯಾಗಿದ್ದರೆ, ಸೋತ ಕೈ ನಿಜಕ್ಕೂ ಸಲೀಸಾಗಿ ಮಾಡಬಲ್ಲ ಕೆಲಸಗಳಿಗೂ ಅದು ಏಕೆ ಮುಂದಾಗುವುದಿಲ್ಲ? ಈ ಪ್ರಶ್ನೆಯ ಇತಿಹಾಸ 1895ಕ್ಕೆ ಹೋಗುತ್ತದೆ. ಆ ವರ್ಷ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್ ಕೋತಿಯ ಒಂದು ತೋಳಿನಿಂದ ಬರುವ ಸಂವೇದನೆಯ ನರಗಳನ್ನು ಮಾತ್ರ ಕತ್ತರಿಸಿದರು. ಚಲನೆಯ ನರಗಳು ಹಾಗೇ ಇದ್ದವು. ಕೋತಿ ಆ ತೋಳನ್ನು ಬಿಟ್ಟೇಬಿಟ್ಟಿತು. ಸ್ಪರ್ಶವಿಲ್ಲದೆ ಚಲನೆಯಿಲ್ಲ ಎಂದು ಅವರು ತೀರ್ಮಾನಿಸಿದರು, ಆ ತೀರ್ಮಾನ ಅರ್ಧ ಶತಮಾನಕ್ಕೂ ಮೀರಿ ನಿಂತಿತು. ಅದನ್ನು ಬೀಳಿಸಿದ್ದು ಎಡ್ವರ್ಡ್ ಟಾಬ್. ಚೆನ್ನಾಗಿರುವ ತೋಳನ್ನು ಕಟ್ಟಿದಾಗ ಅಂಥದೇ ಶಸ್ತ್ರಕ್ರಿಯೆಯಾದ ಕೋತಿಗಳು ಸಂವೇದನೆಯಿಲ್ಲದ ತೋಳಿನಿಂದ ಆಹಾರ ಎತ್ತಿಕೊಂಡವು. ಶಸ್ತ್ರಕ್ರಿಯೆಯ ಬಳಿಕದ ಆಘಾತದ ದಿನಗಳಲ್ಲಿ ಕೋತಿ ಪ್ರಯತ್ನಿಸಿತ್ತು, ಸೋತಿತ್ತು, ಬಿದ್ದಿತ್ತು. ಆಗ ಕಲಿತ ಪಾಠ ತೋಳು ಚೇತರಿಸಿಕೊಂಡ ಮೇಲೂ ಅಳಿಯಲಿಲ್ಲ ಎಂದು ಟಾಬ್ ವಿವರಿಸಿದರು. (ಇಂಥ ಕೋತಿಗಳ ಸಲುವಾಗಿಯೇ 1981ರಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯಕ್ಕೆ ಪೊಲೀಸರು ನುಗ್ಗಿದರು, 17 ಕೋತಿಗಳನ್ನು ವಶಪಡಿಸಿಕೊಂಡರು. ಟಾಬ್‌ಗೆ ಆದ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾಯಿತು. ಪ್ರಾಣಿಹಕ್ಕು ಚಳವಳಿಯವರಿಗೂ ಪಾರ್ಶ್ವವಾಯು ಚಿಕಿತ್ಸಕರಿಗೂ ಒಂದೇ ಪಂಜರ ಎರಡು ಬೇರೆ ಕಾರಣಗಳಿಗೆ ಚರಿತ್ರಾರ್ಹ.)

ಆಕ್ಷೇಪ ಸರಿಯಿದೆ, ಆದರೆ ಅದು ಸೋಮಾರಿತನದ ವಾದಕ್ಕೆ ಒದಗುವುದಿಲ್ಲ. ಟಾಬ್ ತೋರಿಸಿದ್ದು ಲೆಕ್ಕ ತಪ್ಪಿದೆಯೆಂದಲ್ಲ, ಲೆಕ್ಕದ ಅಂಕಿಗಳು ಹಳೆಯವಾಗಿವೆ ಎಂದು. ಪಾರ್ಶ್ವವಾಯುವಿನ ಮೊದಲ ವಾರಗಳಲ್ಲಿ ಕೈ ಅತಿ ದುರ್ಬಲವಾಗಿರುತ್ತದೆ. ಆಗಿನ ಪ್ರತಿ ಪ್ರಯತ್ನವೂ 'ಇದರಿಂದ ಆಗದು' ಎಂದು ದಾಖಲಾಗುತ್ತದೆ. ಆಮೇಲೆ ಕೈ ಸುಧಾರಿಸುತ್ತದೆ, ದಾಖಲೆ ಸುಧಾರಿಸುವುದಿಲ್ಲ, ಏಕೆಂದರೆ ದಾಖಲೆ ತಿದ್ದಲು ಬೇಕಾದ ಪ್ರಯತ್ನವನ್ನೇ ಆ ದಾಖಲೆ ತಡೆಯುತ್ತಿದೆ. ಒಮ್ಮೆ ಕೈಕೊಟ್ಟ ಗಿರಾಕಿಗೆ ಮತ್ತೆ ಸಾಲ ಕೊಡದ ಅಂಗಡಿಯವನಿಗೆ, ಆ ಗಿರಾಕಿ ಈಗ ಸ್ಥಿತಿವಂತನಾಗಿದ್ದಾನೆಂದು ತಿಳಿಯುವುದಾದರೂ ಹೇಗೆ? ಅಂಗಡಿಯವನನ್ನು ಸೋಮಾರಿ ಎಂದು ಯಾರೂ ಬೈಯುವುದಿಲ್ಲ.

ಇದರಿಂದ ಹೊರಡುವ ಒಂದು ತರ್ಕವನ್ನು ಶ್ವೈಗ್‌ಹೋಫರ್ ಅವರ ತಂಡ 2008ರಲ್ಲಿ ಕಂಪ್ಯೂಟರ್ ಮಾದರಿಯಾಗಿ ಕಟ್ಟಿತು. ಚಿಕಿತ್ಸೆ ಮುಗಿಯುವ ಹೊತ್ತಿಗೆ ತಾನಾಗಿ ಕೈ ಬಳಸುವ ಪ್ರಮಾಣ ಒಂದು ಹೊಸ್ತಿಲನ್ನು ದಾಟಿದ್ದರೆ ಬಳಕೆಯೇ ತರಬೇತಿಯಾಗುತ್ತದೆ. ತರಬೇತಿಯಿಂದ ಯಶಸ್ಸು, ಯಶಸ್ಸಿನಿಂದ ಇನ್ನಷ್ಟು ಬಳಕೆ. ದಾಟದಿದ್ದರೆ ಬಳಕೆ ಕ್ರಮೇಣ ಬತ್ತುತ್ತದೆ, ಚಿಕಿತ್ಸೆಯ ಗಳಿಕೆಯೂ ಕರಗುತ್ತದೆ. ಮರುವರ್ಷ ನಿಜವಾದ ರೋಗಿಗಳ ಅಂಕಿಅಂಶಗಳಲ್ಲೂ ಇಂಥ ಹೊಸ್ತಿಲಿನ ಸುಳಿವು ಸಿಕ್ಕಿತು. 'ಬಳಸಿದರೆ ಬಂದೇ ಬರುತ್ತದೆ' ಎಂಬ ಮಾತು ಹೊಸ್ತಿಲಿನ ಆಚೆಗಿರುವವರಿಗೆ ನಿಜ, ಈಚೆಗಿರುವವರಿಗೆ ನಿಜವಲ್ಲ. ಇಬ್ಬರಿಗೂ ಒಂದೇ ಬೋಧನೆ ಮಾಡುತ್ತ ಬಂದಿರುವುದು ಗೊಂದಲದ ಒಂದು ಮೂಲ.

ಹಾಗಾದರೆ ಚೆನ್ನಾಗಿರುವ ಕೈಯನ್ನು ಕಟ್ಟುವುದೇ ಮದ್ದಲ್ಲವೇ? ಕೋತಿಗಳಿಂದ ಮನುಷ್ಯರಿಗೆ ಬಂದ ಈ ಚಿಕಿತ್ಸೆಯ ದೊಡ್ಡ ಪರೀಕ್ಷೆ ಸ್ಟೀವನ್ ವುಲ್ಫ್ ಅವರ ನೇತೃತ್ವದಲ್ಲಿ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾದ 222 ಜನ. ಚಿಕಿತ್ಸೆ ಪಡೆದವರು ಎರಡು ವಾರ ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಗವಸು ತೊಡುವ ಗುರಿ ಹೊಂದಿದ್ದರು, ಜೊತೆಗೆ ವಾರದ ದಿನಗಳಲ್ಲಿ ಗಂಟೆಗಟ್ಟಲೆ ತರಬೇತಿ. ಒಂದು ವರ್ಷದ ನಂತರವೂ ಅವರ ಕೈ ಇತರರಿಗಿಂತ ಚುರುಕಾಗಿತ್ತು, ಬಳಕೆಯೂ ಹೆಚ್ಚಿತ್ತು. ಈ ಗೆಲುವನ್ನು ಉಲ್ಲೇಖಿಸುವವರು ಎರಡು ವಿಷಯ ಬಿಡುತ್ತಾರೆ. ಒಂದು, ಮಣಿಕಟ್ಟನ್ನೂ ಬೆರಳುಗಳನ್ನೂ ಕನಿಷ್ಠ 10 ಡಿಗ್ರಿಯಷ್ಟಾದರೂ ಮೇಲೆತ್ತಬಲ್ಲವರನ್ನು ಮಾತ್ರ ಆರಿಸಿಕೊಳ್ಳಲಾಗಿತ್ತು. ಎರಡು, ಹೊತ್ತಿನ ಪ್ರಶ್ನೆ. 2009ರಲ್ಲಿ ಅಲೆಕ್ಸಾಂಡರ್ ಡ್ರೊಮೆರಿಕ್ ಅವರ ತಂಡ ಇನ್ನೂ ಆಸ್ಪತ್ರೆಯಲ್ಲೇ ಇದ್ದ 52 ರೋಗಿಗಳಿಗೆ ಇದನ್ನು ಆರಂಭದಲ್ಲೇ ಕೊಟ್ಟಿತು. ಅತಿ ಹೆಚ್ಚು ತೀವ್ರತೆಯ ಚಿಕಿತ್ಸೆ ಪಡೆದವರು 90 ದಿನಗಳ ಬಳಿಕ ಉಳಿದವರಿಗಿಂತ ಕಡಿಮೆ ಸುಧಾರಿಸಿದ್ದರು. 42 ಅಧ್ಯಯನಗಳ 1453 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದ 2015ರ ಕಾಕ್ರೇನ್ ಪರಾಮರ್ಶೆ, ಕೈಯ ಚಲನೆಯಲ್ಲಿ ಸೀಮಿತ ಸುಧಾರಣೆ ಉಂಟು, ದಿನನಿತ್ಯದ ಅವಲಂಬನೆ ತಗ್ಗಿದೆಯೆನ್ನಲು ನಂಬಿಕೆ ಹುಟ್ಟಿಸುವ ಆಧಾರವಿಲ್ಲ ಎಂದಿತು.

ಇದಕ್ಕಿಂತ ಮುಖ್ಯವಾದದ್ದು ತರ್ಕದ ತೊಡಕು. ಗವಸು ತೊಡಿಸಿದಾಗ ಆಯ್ಕೆಯೇ ಇರುವುದಿಲ್ಲ. ಇರುವ ಒಂದೇ ಕೈಯನ್ನು ಬಳಸುವುದು ಅಭ್ಯಾಸವಾಗುತ್ತದೆ. ಎರಡು ಕೈ ಬಿಡುವಾಗಿರುವಾಗ ಸೋತದ್ದನ್ನು ಆರಿಸುವುದು ಅಭ್ಯಾಸವಾಗುವುದಿಲ್ಲ. ಗವಸಿನ ಹಿರಿಮೆ ಏನಿದ್ದರೂ ಪರೋಕ್ಷ: ನಿಂತುಹೋಗಿದ್ದ ಪ್ರಯತ್ನಗಳನ್ನು ಅದು ಮತ್ತೆ ಶುರುಮಾಡಿಸುತ್ತದೆ, ಹಳೆಯ ದಾಖಲೆ ತಿದ್ದಲು ಅವಕಾಶ ಕೊಡುತ್ತದೆ. ಟಾಬ್ ಅವರ ಬಳಗವೇ ಇದನ್ನು ಬಲ್ಲದು. ಅವರ ಚಿಕಿತ್ಸೆಯಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಭಾಗವಿದೆ: ಯಾವ ಕೆಲಸಕ್ಕೆ ಯಾವ ಕೈ ಎಂದು ರೋಗಿಯೊಂದಿಗೆ ಬರೆದು ಮಾಡಿಕೊಳ್ಳುವ ಒಪ್ಪಂದ, ದಿನಚರಿ, ಮನೆಯಲ್ಲಿ ಎದುರಾದ ಅಡ್ಡಿಗಳ ಬಗ್ಗೆ ಪ್ರತಿದಿನದ ಚರ್ಚೆ. 2008ರಲ್ಲಿ ಲಿನ್ ಗೋತಿಯೇ ಮತ್ತು ಸಂಗಡಿಗರು ಅಷ್ಟೇ ಹೊತ್ತಿನ ತರಬೇತಿಯನ್ನು ಒಂದು ಗುಂಪಿಗೆ ಈ ಭಾಗದೊಡನೆ, ಇನ್ನೊಂದಕ್ಕೆ ಅದಿಲ್ಲದೆ ಕೊಟ್ಟರು. ಮನೆಯಲ್ಲಿನ ಬಳಕೆ ಹೆಚ್ಚು ಏರಿದ್ದೂ, ಮಿದುಳಿನ ಬೂದುದ್ರವ್ಯ ಹೆಚ್ಚಿದ್ದೂ ಮೊದಲ ಗುಂಪಿನಲ್ಲಿ. ಜನಪ್ರಿಯ ತಿಳಿವಳಿಕೆ ಮಾತ್ರ ಗವಸನ್ನು ಇಟ್ಟುಕೊಂಡು ಒಪ್ಪಂದವನ್ನು ಬಿಟ್ಟಿತು.

ಇನ್ನು 'ಹೆಚ್ಚು ಸಲ ಮಾಡಿಸಿದರೆ ಸಾಕು' ಎಂಬ ಮಾತು. ಸಾಮಾನ್ಯ ಚಿಕಿತ್ಸೆಯ ಒಂದು ಸರದಿಯಲ್ಲಿ ಸೋತ ಕೈ ನಿಜವಾದ ಕೆಲಸದ ಚಲನೆಗಳನ್ನು ಮಾಡುವುದು ಸರಾಸರಿ 32 ಬಾರಿ ಎಂದು ಲ್ಯಾಂಗ್ ತಂಡ 2009ರಲ್ಲಿ ಎಣಿಸಿ ತೋರಿಸಿತ್ತು. ಪ್ರಾಣಿಗಳ ಪ್ರಯೋಗಗಳಲ್ಲಿ ಈ ಸಂಖ್ಯೆ ನೂರುಗಳಲ್ಲಿರುತ್ತದೆ. ಹಾಗಾಗಿ ಸಂಖ್ಯೆ ಹೆಚ್ಚಿಸುವುದೇ ಉತ್ತರವೆಂದು ಅನ್ನಿಸಿದ್ದು ಸಹಜ. ಅದೇ ತಂಡ 2016ರಲ್ಲಿ 85 ಜನರನ್ನು ಗುಂಪುಗಳಾಗಿಸಿ 3200, 6400, 9600 ಪುನರಾವರ್ತನೆಗಳನ್ನೂ ಇನ್ನೊಂದು ಗುಂಪಿಗೆ ಅವರವರ ಗರಿಷ್ಠವನ್ನೂ ಮಾಡಿಸಿತು. ಪ್ರಮಾಣ ಹೆಚ್ಚಿದಂತೆ ಫಲ ಹೆಚ್ಚಲಿಲ್ಲ. ತಮ್ಮ ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶವನ್ನು ಹೀಗೆ ಮುಚ್ಚುಮರೆಯಿಲ್ಲದೆ ಪ್ರಕಟಿಸುವುದು ಈ ಕ್ಷೇತ್ರದ ಆರೋಗ್ಯದ ಲಕ್ಷಣ.

ಪ್ರಚಲಿತ ನಂಬಿಕೆ ಎರಡು ಕೈಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಎಡಗೈ ಸೋತ ಬಲಗೈ ರೂಢಿಯವರು ಆ ಕೈಯನ್ನು ಬಹಳ ಕಡಿಮೆ ಬಳಸುತ್ತಾರೆ, ಬಲಗೈ ಸೋತವರು ಅಷ್ಟು ಸುಲಭವಾಗಿ ಅದನ್ನು ಬಿಟ್ಟುಕೊಡುವುದಿಲ್ಲ ಎಂದು 2009ರಲ್ಲಿ ಕ್ಯಾಥ್ಲೀನ್ ಹಾಲಂಡ್ ಅವರ ತಂಡ ವರದಿ ಮಾಡಿತು. ಕರ್ನಾಟಕದ ಮನೆಗಳಲ್ಲಿ ಈ ವ್ಯತ್ಯಾಸಕ್ಕೆ ಇನ್ನೊಂದು ಪದರ ಸೇರುತ್ತದೆ. ಇಲ್ಲಿ ಉಣ್ಣುವುದು, ಕೊಡುವುದು, ತೀರ್ಥ ತೆಗೆದುಕೊಳ್ಳುವುದು ಬಲಗೈಯಲ್ಲಿ, ಶೌಚ ಎಡಗೈಯಲ್ಲಿ. ಬಲಗೈ ಸೋತ ವ್ಯಕ್ತಿ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗ ಶ್ರಮ, ಯಶಸ್ಸುಗಳ ಜೊತೆ ಸಂಕೋಚವೂ ಲೆಕ್ಕಕ್ಕೆ ಬರುತ್ತದೆ. ಎಡಗೈಯಲ್ಲಿ ಉಂಡರೆ ನಾಲ್ಕು ಜನ ನೋಡುತ್ತಾರೆ, ಬಲಗೈಯಲ್ಲಿ ಉಂಡರೆ ಅನ್ನ ಎದೆಯ ಮೇಲೆ ಬೀಳುತ್ತದೆ. ಅನೇಕರು ಹುಡುಕುವ ಮೂರನೆಯ ದಾರಿ ಪಂಕ್ತಿಗೇ ಬಾರದಿರುವುದು, ಇಲ್ಲವೇ ಒಳಗೆ ಕುಳಿತು ಹೆಂಡತಿ ಮಕ್ಕಳಿಂದ ತುತ್ತು ಹಾಕಿಸಿಕೊಳ್ಳುವುದು. ಎಡಗೈ ಸೋತವರದು ಮೇಲ್ನೋಟಕ್ಕೆ ಹಗುರ ಪಾಡು, ಬಲಗೈಯಲ್ಲಿ ಊಟ ನಡೆದುಹೋಗುತ್ತದೆ. ಅವರು ಕಳೆದುಕೊಳ್ಳುವುದು ಯಾರೂ ಎಣಿಸದ ಕೆಲಸಗಳನ್ನು: ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಸೀರೆಯ ನೆರಿಗೆ ಹಿಡಿಯುವುದು, ಪಂಚೆ ಬಿಗಿಯುವುದು. ಚಲನಮಾಪಕದಲ್ಲಿ ಎಡಗೈ ಬಲಗೈಗೆ ಬಹುತೇಕ ಸಮನಾಗಿ ಕಾಣುವುದು ಇಂಥ ಜೋಡುಗೈ ಕೆಲಸಗಳಿಂದಲೇ. 'ಆ ಕೈಯಲ್ಲಿ ಲೋಟ ಎತ್ತಿ' ಎಂದು ಬಲವಂತ ಮಾಡುವ ಮನೆಯವರು, ಎಂದೂ ಲೋಟ ಎತ್ತದಿದ್ದ ಕೈಗೆ ಇಲ್ಲದ ಕೆಲಸವೊಂದನ್ನು ಹೊರಿಸುತ್ತಿರಬಹುದು. ಬಾಣಲೆಯ ಹಿಡಿ ಅದುಮಿ ಹಿಡಿ, ಮಗುಚುವುದು ಈ ಕೈ ನೋಡಿಕೊಳ್ಳಲಿ ಎಂದರೆ ಆ ಕೈ ಮುಂದೆ ಬರುವ ಸಂಭವ ಹೆಚ್ಚು.

'ಚೆನ್ನಾಗಿರುವ ಕೈ' ಎಂಬ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಎಡ ಮಿದುಳಿಗೆ ಪೆಟ್ಟಾದರೆ ಎಡಗೈಯ ಚಲನೆಯ ಹಾದಿಯಲ್ಲಿ, ಬಲ ಮಿದುಳಿಗೆ ಪೆಟ್ಟಾದರೆ ಬಲಗೈ ಗುರಿಯಲ್ಲಿ ನಿಲ್ಲುವ ನಿಖರತೆಯಲ್ಲಿ ಸೂಕ್ಷ್ಮ ಕೊರತೆಗಳು ಉಳಿಯುತ್ತವೆಂದು ಪೆನ್ಸಿಲ್ವೇನಿಯಾದ ರಾಬರ್ಟ್ ಸೇನ್‌ಬರ್ಗ್ ಮೊದಲಾದವರು ತೋರಿಸಿದ್ದಾರೆ. ಸೋತ ಕೈ ತೀರಾ ಕೈಲಾಗದ ಸ್ಥಿತಿಯಲ್ಲಿರುವವರಿಗೆ ದಿನದ ಎಲ್ಲ ಕೆಲಸವೂ ಈ ಇನ್ನೊಂದು ಕೈಯ ಮೇಲೆ ಬೀಳುವುದರಿಂದ, ಅದನ್ನು ಚುರುಕುಗೊಳಿಸುವುದೇ ಅವರಿಗೆ ಮಾಡಬಹುದಾದ ದೊಡ್ಡ ಉಪಕಾರ ಆಗಬಹುದು. ಇದಕ್ಕೆ ಎದುರು ನಿಲ್ಲುವ ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡಬಾರದು. ಟೆಕ್ಸಾಸ್‌ನ ತೆರೇಸಾ ಜೋನ್ಸ್ ಅವರ ಪ್ರಯೋಗಗಳಲ್ಲಿ, ಮಿದುಳಿಗೆ ಪೆಟ್ಟಾದ ಇಲಿಗಳ ಒಳ್ಳೆಯ ಮುಂಗಾಲಿಗೆ ತರಬೇತಿ ಕೊಟ್ಟಾಗ ಸೋತ ಮುಂಗಾಲಿನ ಚೇತರಿಕೆ ಹಿಂದೆ ಬಿತ್ತು. ಇಲಿಯ ಫಲಿತಾಂಶ ಮನುಷ್ಯನಿಗೆ ಹಾಗೆಹಾಗೆಯೇ ಅನ್ವಯಿಸುತ್ತದೆಂದಲ್ಲ. ಚೇತರಿಕೆಯ ಸಾಧ್ಯತೆ ಇರುವವರಲ್ಲಿ ಬೇಗನೆ ಕೈಚೆಲ್ಲುವುದಕ್ಕೆ ಬೆಲೆ ತೆರಬೇಕಾಗಬಹುದು ಎಂಬಷ್ಟಕ್ಕೆ ಅದು ಎಚ್ಚರಿಕೆ. ಆಯ್ಕೆ ಎರಡು ಕೈಗಳ ನಡುವೆ ಮಾತ್ರ ನಡೆಯುವುದೂ ಇಲ್ಲ. ಸೋತ ಕೈಯನ್ನೇ ಬಳಸುವಾಗಲೂ ಮೊಣಕೈ ಚಾಚುವ ಬದಲು ಇಡೀ ಮುಂಡವನ್ನು ಮುಂದೆ ಬಾಗಿಸುವ ಅಗ್ಗದ ದಾರಿಯೊಂದಿದೆ. ಮಿಂಡಿ ಲೆವಿನ್ ಮತ್ತು ಸ್ಟೆಲ್ಲಾ ಮಿಕೇಲ್ಸನ್ ಕುರ್ಚಿಗೆ ಬೆನ್ನು ಕಟ್ಟಿದಾಗ ಮೊಣಕೈ ಮುಂಚಿಗಿಂತ ಹೆಚ್ಚು ಚಾಚಿತು. ಬಳಸದೆ ಬಿಟ್ಟ ಸಾಮರ್ಥ್ಯ, ಬಳಸುತ್ತಿರುವ ಕೈಯ ಒಳಗೂ ಅಡಗಿರುತ್ತದೆ.

ಕೊನೆಗೆ ಎದುರಾಗುವ ಆಕ್ಷೇಪ ನೈತಿಕವಾದದ್ದು. ಬಳಸದಿರುವುದು ಸಮಂಜಸ ತೀರ್ಪು ಎಂದು ರೋಗಿಗೆ ಹೇಳಿಬಿಟ್ಟರೆ ಅವರು ಪ್ರಯತ್ನವನ್ನೇ ಬಿಡುವುದಿಲ್ಲವೇ? ಛಲ ಹಿಡಿದು ಗೆದ್ದವರ ಉದಾಹರಣೆಗಳು ಎಲ್ಲರ ಕಣ್ಣೆದುರಿಗಿವೆ. ಛಲಕ್ಕೆ ಸ್ಥಾನವಿದೆ, ಆದರೆ ಅದರ ಸ್ಥಾನ ಲೋಟಕ್ಕೆ ಕೈಚಾಚುವ ಕ್ಷಣದಲ್ಲಿಲ್ಲ. ದಿನಕ್ಕೆ ನೂರಾರು ಸಲ, ಗಮನ ಬೇರೆಲ್ಲೋ ಇರುವಾಗ ನಡೆಯುವ ಆಯ್ಕೆಯನ್ನು ಪ್ರತಿ ಸಲವೂ ಇಚ್ಛಾಶಕ್ತಿಯಿಂದ ತಡೆದು ತಿರುಗಿಸಿ ಎನ್ನುವುದು ಯಾರಿಂದಲೂ ಆಗದ ಕೆಲಸ. ಹಿಂದಿನ ರಾತ್ರಿ ಲೋಟವನ್ನು ಎಲ್ಲಿಡಬೇಕೆಂದು ತೀರ್ಮಾನಿಸುವುದು ಆಗುವ ಕೆಲಸ. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರನ್ನು ಖಿನ್ನತೆ ಕಾಡುತ್ತದೆ, ಕೆಲವರಿಗೆ ದೇಹದ ಒಂದು ಬದಿಯ ಕಡೆ ಗಮನವೇ ಹರಿಯುವುದಿಲ್ಲ ಎಂಬುದನ್ನೂ ಸೇರಿಸಿಕೊಂಡರೆ, 'ಮನಸ್ಸು ಮಾಡಿ' ಎಂಬ ಉಪದೇಶ ಎಷ್ಟು ಜನರ ಮಟ್ಟಿಗೆ ಬರೀ ಗಾಯಕ್ಕೆ ಉಪ್ಪು ಎಂಬುದು ಹೊಳೆಯುತ್ತದೆ.

ಲೆಕ್ಕ ಬದಲಾಗಬೇಕಾದರೆ ಲೆಕ್ಕದ ಅಂಕಿಗಳನ್ನು ಬದಲಿಸಬೇಕು. ವಸ್ತುಗಳನ್ನು ಸೋತ ಕೈಯ ಬದಿಯಲ್ಲಿ, ಹತ್ತಿರ, ತೋಳಿಗೆ ಆಸರೆಯಾಗುವಂತೆ ಮೇಜಿನ ಮೇಲೆ ಇಡುವುದು, ಬಿದ್ದರೂ ಒಡೆಯದ, ಚೆಲ್ಲಿದರೂ ಸುಡದ ಕೆಲಸಗಳಿಂದ ಶುರುಮಾಡುವುದು, ಅವಸರ ಮಾಡದಿರುವುದು. ಅವಸರವಿದ್ದಾಗ ನಿಧಾನದ ಕೈ ಸೋಲುವುದು ಖಚಿತ, ಮನೆಯವರು 'ಕೊಡಿ ಇಲ್ಲಿ' ಎಂದು ಕೈಯಿಂದ ಕಿತ್ತುಕೊಂಡರೆ ಸೋಲಿನ ಪಟ್ಟಿಗೆ ಇನ್ನೊಂದು ಸೇರುತ್ತದೆ. ಮನೆಯವರ ಮೇಲೆ ಎಲ್ಲವನ್ನೂ ಹೊರಿಸಿದರೂ ಆಗದು. ಭಾರತದ 14 ಆಸ್ಪತ್ರೆಗಳ 1250 ರೋಗಿಗಳ ಕುಟುಂಬದವರಿಗೆ ಮನೆಯಲ್ಲೇ ಆರೈಕೆ-ವ್ಯಾಯಾಮ ಮಾಡಿಸಲು ಕಲಿಸಿದ 'ಅಟೆಂಡ್' ಅಧ್ಯಯನ 2017ರಲ್ಲಿ ಪ್ರಕಟವಾದಾಗ, ಆರು ತಿಂಗಳ ಕೊನೆಗೆ ಸಾವು ಅಥವಾ ಅವಲಂಬನೆಯ ಪ್ರಮಾಣ ಎರಡೂ ಗುಂಪುಗಳಲ್ಲಿ ಒಂದೇ ಆಗಿತ್ತು, ಶೇ. 47. ಅದು ಕೈಯ ಆಯ್ಕೆಯನ್ನು ಕುರಿತ ಅಧ್ಯಯನವಲ್ಲ. ಕುಟುಂಬಕ್ಕೆ ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ತಜ್ಞರ ಕೆಲಸ ಮುಗಿಯಿತೆಂಬ ಭ್ರಮೆಯನ್ನಂತೂ ಅದು ಉಳಿಸುವುದಿಲ್ಲ.

ಯಾರಿಗೆ ಯಾವ ದಾರಿ ಎಂಬುದನ್ನು ಸಾಕಷ್ಟು ಬೇಗ ಊಹಿಸಬಹುದು ಎಂಬುದು ಇಷ್ಟೆಲ್ಲದರ ನಡುವಿನ ಉಪಯುಕ್ತ ಸುದ್ದಿ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ 72 ಗಂಟೆಗಳೊಳಗೆ ಬೆರಳುಗಳನ್ನು ಸ್ವಲ್ಪ ಚಾಚಬಲ್ಲ, ಭುಜವನ್ನು ಸ್ವಲ್ಪ ಪಕ್ಕಕ್ಕೆ ಎತ್ತಬಲ್ಲ ರೋಗಿ ಆರು ತಿಂಗಳಲ್ಲಿ ಒಂದಿಷ್ಟಾದರೂ ಕೈಚಳಕ ಮರಳಿ ಪಡೆಯುವ ಸಂಭವ ಶೇ. 98, ಎರಡೂ ಆಗದವರಿಗೆ ಶೇ. 25. ಮೊದಲ ಗುಂಪಿನವರ ಕೈ ಆರನೇ ತಿಂಗಳಲ್ಲಿ ತೊಡೆಯ ಮೇಲೇ ಇದ್ದರೆ ಹಳೆಯ ದಾಖಲೆಯನ್ನು ಶಂಕಿಸಿ ಒಪ್ಪಂದ, ದಿನಚರಿ, ಗವಸು ಎಲ್ಲವನ್ನೂ ಪ್ರಯತ್ನಿಸಬೇಕು. ಎರಡನೆಯ ಗುಂಪಿನಲ್ಲಿ ಬೆರಳು ಇನ್ನೂ ತೆರೆಯದವರಿಗೆ ಒಂದೇ ಕೈಯಲ್ಲಿ ಗುಂಡಿ ಹಾಕುವುದನ್ನು ಕಲಿಸಬೇಕು, ಬಳಸುತ್ತಿಲ್ಲವೆಂದು ದೂರುವುದನ್ನು ನಿಲ್ಲಿಸಬೇಕು. ಇಬ್ಬರನ್ನೂ ಬೇರ್ಪಡಿಸಲು ಮಾಡಬಲ್ಲರೇ ಎಂಬ ಪರೀಕ್ಷೆಯ ಪಕ್ಕದಲ್ಲಿ ಮಾಡುತ್ತಾರೆಯೇ ಎಂಬ ಪ್ರಶ್ನಾವಳಿಯೊಂದೂ ಇರಬೇಕು. ಅದು ಹೊಸದೇನಲ್ಲ. ದೀಪದ ಸ್ವಿಚ್ ಒತ್ತುವುದರಿಂದ ತಲೆ ಬಾಚುವವರೆಗೆ 30 ಕೆಲಸಗಳನ್ನು ಪಟ್ಟಿಮಾಡಿ, ಆ ಕೈಯಿಂದ ಎಷ್ಟು ಮಾಡಿದಿರಿ, ಎಷ್ಟು ಚೆನ್ನಾಗಿ ಮಾಡಿದಿರಿ ಎಂದು ಸೊನ್ನೆಯಿಂದ ಐದರವರೆಗೆ ಅಂಕ ಕೊಡಿಸುವ ಪಟ್ಟಿ ಟಾಬ್ ಅವರ ಕಾಲದಿಂದಲೂ ಇದೆ. ಯಂತ್ರ ಬೇಡ, ಒಂದು ಹಾಳೆ ಸಾಕು. ರೋಗಿಗಳು ಚಿಕಿತ್ಸಕರನ್ನು ಮೆಚ್ಚಿಸಲು ಅಂಕ ಏರಿಸಿ ಹೇಳುವುದುಂಟು, ಆದ್ದರಿಂದ ಜೊತೆಗೆ ವಾಸಿಸುವವರನ್ನು ಪ್ರತ್ಯೇಕವಾಗಿ ಕೇಳಿ ಎರಡನ್ನೂ ಹೋಲಿಸಬೇಕಾಗುತ್ತದೆ. ಪಟ್ಟಿಯಲ್ಲಿರುವ ಅಮೆರಿಕದ ಮನೆಯ ಕೆಲಸಗಳಲ್ಲಿ ಕೆಲವನ್ನು ತೆಗೆದು ಅನ್ನ ಕಲಸುವುದು, ನೆರಿಗೆ ಹಿಡಿಯುವುದು, ಚೊಂಬಿನಿಂದ ನೀರು ಸುರಿದುಕೊಳ್ಳುವುದನ್ನು ಸೇರಿಸಿಕೊಳ್ಳಬೇಕಾಗುತ್ತದೆ.